ಎಣ್ಣೆ ಇತ್ತು, ಷೇರು ಇರಲಿಲ್ಲ

ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯಲ್ಲಿ ಅಮಳನೇರ ಅಂತ ಒಂದು ಊರಿದೆ. 1945ರ ಡಿಸೆಂಬರ್‌ನಲ್ಲಿ ಎಂ.ಎಚ್. ಹಾಶಮ್ ಪ್ರೇಮ್‌ಜಿ ಅಲ್ಲಿ ಒಂದು ಎಣ್ಣೆ ಕಂಪನಿ ಹುಟ್ಟುಹಾಕಿದರು. ವೆಸ್ಟರ್ನ್ ಇಂಡಿಯಾ ವೆಜಿಟೆಬಲ್ ಪ್ರಾಡಕ್ಟ್ಸ್ ಎಂದು ಅದರ ಹೆಸರು. ಸನ್‌ಫ್ಲವರ್ ಮಾರ್ಕಿನ ವನಸ್ಪತಿ, 787 ಎಂಬ ಬಟ್ಟೆ ಸಾಬೂನು, ಇಷ್ಟೇ ಅದರ ಸರಕು. ಮರುವರ್ಷ ಕಂಪನಿ ಸಾರ್ವಜನಿಕರಿಗೆ ಷೇರು ಮಾರಿತು. ಊರಿನ ವ್ಯಾಪಾರಿಗಳು, ರೈತರು ಒಂದಿಷ್ಟು ಕೊಂಡರು. ಕೊಂಡವರಲ್ಲಿ ಹಲವರು ಮಾರಲಿಲ್ಲ. ಆ ಕಂಪನಿಯೇ ಮುಂದೆ ಬೆಂಗಳೂರಿನ ವಿಪ್ರೊ ಆಯಿತು. ಅಮಳನೇರದ ಹಳೆಯ ಮನೆಗಳ ಪೆಟ್ಟಿಗೆಯಲ್ಲಿದ್ದ ಕಾಗದ ಕೋಟಿಗಳಾದ ಕತೆಯನ್ನು ಪತ್ರಿಕೆಗಳು ಎಷ್ಟೋ ಸಲ ಬರೆದಿವೆ.

ನಮ್ಮ ಚಳ್ಳಕೆರೆಗೆ ಎಣ್ಣೆ ನಗರಿ ಎಂಬ ಬಿರುದಿತ್ತು. ಖಾದ್ಯ ತೈಲದ ವಹಿವಾಟಿನಲ್ಲಿ ಮುಂಬೈ ಬಿಟ್ಟರೆ ಚಳ್ಳಕೆರೆಯೇ ಎಂದು ಹೇಳಿಕೊಳ್ಳುತ್ತಿದ್ದ ಕಾಲವದು. ಪರಶುರಾಂಪುರ, ತಳಕು, ನಾಯಕನಹಟ್ಟಿ, ಆಚೆಗೆ ಮೊಳಕಾಲ್ಮುರು, ರಾಂಪುರ, ಎಲ್ಲ ಕಡೆಯ ಶೇಂಗಾ ಇಲ್ಲಿನ ಮಂಡಿಗೆ ಬಂದು ಬೀಳುತ್ತಿತ್ತು. ಎಣ್ಣೆ ಒಂದು ದಾರಿ ಹಿಡಿದರೆ ಹಿಂಡಿ ಇನ್ನೊಂದು ದಾರಿ ಹಿಡಿಯುತ್ತಿತ್ತು. ಅಮಳನೇರದಲ್ಲಿದ್ದ ಕಚ್ಚಾ ಮಾಲು ನಮ್ಮಲ್ಲೂ ಇತ್ತು. ದುಡ್ಡಿತ್ತು, ಲೆಕ್ಕ ಬಲ್ಲ ತಲೆಗಳಿದ್ದವು, ರಿಸ್ಕಿನ ಬಗ್ಗೆ ಹೇಳಲೇಬೇಕಿಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲೊಂದರಲ್ಲಿ ಮಳೆ ನಂಬಿ ಶೇಂಗಾ ಬಿತ್ತುವವನಿಗೆ ಷೇರುಪೇಟೆಯ ಏರಿಳಿತ ಯಾವ ದೊಡ್ಡ ಭಯ? ಆದರೂ ಈ ಊರಿನ ಎಣ್ಣೆಯಿಂದ ಊರಿನವರು ಕೈಯಲ್ಲಿ ಹಿಡಿಯಬಹುದಾದ ಒಂದು ಷೇರು ಹುಟ್ಟಲಿಲ್ಲ. ಈ ಸೀಮೆಯ ಉಳಿತಾಯ ಮತ್ತು ಹೂಡಿಕೆಯ ಪದ್ಧತಿಯನ್ನು ವಿಮರ್ಶಿಸಲು ಹೊರಟರೆ ನನಗೆ ಮೊದಲು ಎದುರಾಗುವುದು ಈ ಗೈರುಹಾಜರಿ.

ಇಲ್ಲಿನ ಮಿಲ್ಲುಗಳು ಮನೆತನದವು, ಇಲ್ಲವೇ ಪಾಲುದಾರಿಕೆಯವು. ಬಂಡವಾಳ ಬಂದದ್ದು ಮಂಡಿಯ ದಲಾಲಿಯಿಂದ, ನೆಂಟರಿಂದ, ಬಾಯಿಮಾತಿನ ಕೈಸಾಲದಿಂದ. ಅದರಲ್ಲಿ ಒಂದು ಶಕ್ತಿಯೂ ಇತ್ತು. ಕಾಗದಪತ್ರವಿಲ್ಲದೆ ಲಕ್ಷಗಟ್ಟಲೆ ವ್ಯವಹಾರ ನಡೆಸಿದ ಮಾತಿನ ಭದ್ರತೆ ಅದು, ಅದನ್ನು ಹಗುರವಾಗಿ ನೋಡಲಾರೆ. ಆದರೆ 1932ರ ಪಾಲುದಾರಿಕೆ ಕಾಯ್ದೆ ಏನು ಹೇಳುತ್ತದೆ ನೋಡಿ: ಬೇರೆ ಕರಾರು ಇಲ್ಲದಿದ್ದರೆ ಒಬ್ಬ ಪಾಲುದಾರ ಸತ್ತ ದಿನ ಸಂಸ್ಥೆಯೂ ವಿಸರ್ಜನೆಯಾಗುತ್ತದೆ. ಕಂಪನಿಗೆ ಯಜಮಾನ ಸತ್ತರೂ ಸಾವಿಲ್ಲ. ದೊಡ್ಡ ಕಂಪನಿಗಳು ವಿಲೀನ, ವಿಭಜನೆ, ಪುನರ್ರಚನೆ ಎಂದು ವರ್ಷಗಟ್ಟಲೆ ನ್ಯಾಯಮಂಡಳಿಯ ಮುಂದೆ ಮಾಡುವುದನ್ನು ನಮ್ಮಲ್ಲಿ ಅಣ್ಣತಮ್ಮಂದಿರು ಹಿರಿಯರ ಪಂಚಾಯ್ತಿಯಲ್ಲಿ ಒಂದೇ ಕೂತಿನಲ್ಲಿ ಮುಗಿಸುತ್ತಿದ್ದರು. ಗಾಣ ಒಬ್ಬನಿಗೆ, ಗೋದಾಮು ಒಬ್ಬನಿಗೆ, ಸಾಲ ಇಬ್ಬರಿಗೂ. ಹಾಗೆ ಪಾಲಾದ ಮಿಲ್ಲು ಎರಡು ಮಿಲ್ಲಾಗುವುದು ಅಪರೂಪ. ಹೆಚ್ಚಿನಂಶ ಅದು ನಿವೇಶನವಾಗುತ್ತದೆ.

ಅಷ್ಟರಲ್ಲಿ 1994–95ರ ಸುಮಾರಿಗೆ ಖಾದ್ಯ ತೈಲದ ಆಮದಿಗೆ ಬಾಗಿಲು ತೆರೆಯಿತು. ಮಲೇಷ್ಯಾ, ಇಂಡೊನೇಷ್ಯಾದ ತಾಳೆ ಎಣ್ಣೆ ಹಡಗಿನಲ್ಲಿ ಬಂತು. ಇವತ್ತು ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಖಾದ್ಯ ತೈಲಗಳ ಮೂಲ ಆಮದು ಸುಂಕವನ್ನು ಕೇಂದ್ರ ಸೊನ್ನೆಯಿಂದ ಶೇ 20ಕ್ಕೆ ಏರಿಸಿತು, 2025ರ ಮೇ ಕೊನೆಯಲ್ಲಿ ಶೇ 10ಕ್ಕೆ ಇಳಿಸಿತು. ದಿಲ್ಲಿಯ ಒಂದು ಅಧಿಸೂಚನೆ ಇಲ್ಲಿನ ಒಂದು ಹಂಗಾಮಿನ ಲಾಭವನ್ನು ತಿಂದುಹಾಕಬಲ್ಲದು. ಇಂಥ ಏಟನ್ನು ತಡೆದುಕೊಳ್ಳಲು ಬೇರೆ ದಂಧೆಗೆ ಹೊರಳುವ ಬಂಡವಾಳ ಬೇಕು. ಪ್ರೇಮ್‌ಜಿಯವರ ಮಗ ಅಜೀಂ 1966ರಲ್ಲಿ, ತಂದೆ ತೀರಿಕೊಂಡಾಗ, 21ರ ಹುಡುಗ. ವನಸ್ಪತಿಯ ದುಡ್ಡನ್ನು ಅವರು ಕಂಪ್ಯೂಟರಿನ ಕಡೆ ಹೊರಳಿಸಿದರು. ಷೇರುದಾರ ಅಮಳನೇರದ ಜಗುಲಿಯಲ್ಲಿ ಕೂತೇ ಅದರ ಜೊತೆ ಹೊರಳಿದ. ಚಳ್ಳಕೆರೆಯಲ್ಲಿ ಮಿಲ್ಲಿನಿಂದ ಎದ್ದ ದುಡ್ಡು ಬೆಂಗಳೂರಿನ ಫ್ಲ್ಯಾಟಿಗೋ ದಾವಣಗೆರೆಯ ನಿವೇಶನಕ್ಕೋ ಹೋಯಿತು. ಹೋದದ್ದು ಆ ಮನೆಯವರ ದುಡ್ಡು, ತಪ್ಪೇನಿಲ್ಲ. ಆದರೆ ಮಿಲ್ಲಿನ ಗುಮಾಸ್ತ, ಶೇಂಗಾ ತಂದ ರೈತ, ಮೂಟೆ ಹೊತ್ತ ಹಮಾಲಿ, ಇವರಿಗೆ ಅದರ ಜೊತೆ ಹೋಗಲು ದಾರಿ ಇರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು ಅಮಳನೇರದ ಭಜನೆಯಾದೀತು. ಒಂದು ವಿಪ್ರೊ ಬೆಳೆದದ್ದನ್ನು ಎಲ್ಲರೂ ಹೇಳುತ್ತಾರೆ, ಅದೇ ಕಾಲದಲ್ಲಿ ಹುಟ್ಟಿ ಹೇಳಹೆಸರಿಲ್ಲದಂತೆ ಹೋದ ವನಸ್ಪತಿ ಕಂಪನಿಗಳನ್ನು ಯಾರು ಎಣಿಸುತ್ತಾರೆ? ಚಳ್ಳಕೆರೆಯ ಒಂದು ಮಿಲ್ಲು ಷೇರು ಮಾರಿದ್ದರೆ ಅದು ವಿಪ್ರೊ ಆಗುವುದಕ್ಕಿಂತ ರುಚಿ ಸೋಯಾ ಆಗುವ ಸಂಭವವೇ ಹೆಚ್ಚಿತ್ತು. ದೇಶದ ದೊಡ್ಡ ಖಾದ್ಯ ತೈಲ ಕಂಪನಿಗಳಲ್ಲೊಂದಾಗಿದ್ದ ರುಚಿ ಸೋಯಾ 2017ರ ಡಿಸೆಂಬರ್‌ನಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. 2019ರಲ್ಲಿ ಪತಂಜಲಿ ಅದನ್ನು 4,350 ಕೋಟಿ ರೂಪಾಯಿಗೆ ಕೊಂಡಿತು. ಹಳೆಯ ಷೇರುದಾರನಿಗೆ ಸಿಕ್ಕಿದ್ದು 100 ಷೇರಿಗೆ ಒಂದು. 2020ರ ಜನವರಿಯಲ್ಲಿ ಸುಮಾರು 17 ರೂಪಾಯಿಗೆ ಮತ್ತೆ ಪೇಟೆಗೆ ಬಂದ ಷೇರು ಐದೇ ತಿಂಗಳಲ್ಲಿ 1,500ರ ಹತ್ತಿರಕ್ಕೆ ಏರಿತು. ಪೇಟೆಯಲ್ಲಿ ಕೈಬದಲಾಗಲು ಇದ್ದ ಷೇರು ಒಟ್ಟಿನ ಶೇ 1ರಷ್ಟೂ ಇರಲಿಲ್ಲ. ಆ ಬೆಲೆ ನೋಡಿ ಪುನರ್ರಚನೆ ಎಂದರೆ ಲಾಭ ಎಂದುಕೊಂಡವರೂ ಇದ್ದರು. ದಿವಾಳಿ ಕಂಪನಿಯ ಪುನರ್ರಚನೆಯಲ್ಲಿ ಪಂಕ್ತಿಯ ಕೊನೆಯ ಎಲೆ ಷೇರುದಾರನದು, ಬಡಿಸುವವರು ಅಲ್ಲಿಗೆ ಬರುವಷ್ಟರಲ್ಲಿ ಪಾತ್ರೆ ಖಾಲಿ.

ದೂರದ ಉದಾಹರಣೆ ಯಾಕೆ, ಹರಿಹರವನ್ನೇ ನೋಡೋಣ. ನಮ್ಮ ಕಡೆಯವರಿಗೆ ಕಾರ್ಖಾನೆ ಎಂದರೆ ಬಹುಕಾಲ ಹರಿಹರವೇ. ಅಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಅಲ್ಲಿ ಕೆಲಸ ಸಿಕ್ಕರೆ ಹೆಣ್ಣು ಕೊಡುತ್ತಿದ್ದರು, ಅದರ ಷೇರು ಇದ್ದರೆ ಗೌರವ ಕೊಡುತ್ತಿದ್ದರು. 2000ದ ದಶಕದ ಆರಂಭದಲ್ಲಿ ಅದು ಬಾಗಿಲು ಹಾಕಿತು, ಷೇರು ಬರೀ ಕಾಗದವಾಯಿತು. ತುಂಗಭದ್ರೆಯ ಆಚೆ ದಡದಲ್ಲಿ, ಕುಮಾರಪಟ್ಟಣದಲ್ಲಿ, ಗ್ರಾಸಿಂ ಕಂಪನಿಯ ಹರಿಹರ ಪಾಲಿಫೈಬರ್ಸ್ ಇದೆ. 2010ರಲ್ಲಿ ಗ್ರಾಸಿಂ ತನ್ನ ಸಿಮೆಂಟ್ ವಿಭಾಗವನ್ನು ಸಮೃದ್ಧಿ ಸಿಮೆಂಟ್ ಎಂದು ಬೇರೆ ಮಾಡಿ ಒಂದಕ್ಕೊಂದು ಷೇರು ಕೊಟ್ಟಿತು. ಸಮೃದ್ಧಿ ಅಲ್ಟ್ರಾಟೆಕ್‌ನಲ್ಲಿ ವಿಲೀನವಾದಾಗ 7ಕ್ಕೆ 4ರಂತೆ ಅಲ್ಟ್ರಾಟೆಕ್ ಷೇರು ಬಂತು. 2016ರಲ್ಲಿ ಗ್ರಾಸಿಂನ 10 ರೂಪಾಯಿ ಮುಖಬೆಲೆಯ ಒಂದು ಷೇರು 2 ರೂಪಾಯಿಯ ಐದಾಯಿತು. 2017ರಲ್ಲಿ ಪ್ರತಿ 5 ಗ್ರಾಸಿಂಗೆ 7 ಆದಿತ್ಯ ಬಿರ್ಲಾ ಕ್ಯಾಪಿಟಲ್ ಷೇರು. ಅಂದರೆ 2010ರಲ್ಲಿ 7 ಷೇರು ಇಟ್ಟುಕೊಂಡಿದ್ದವನ ಖಾತೆಯಲ್ಲಿ, ಒಂದು ರೂಪಾಯಿಯನ್ನೂ ಹೊಸದಾಗಿ ಹಾಕದೆ, 2017ರ ಹೊತ್ತಿಗೆ 35 ಗ್ರಾಸಿಂ, 4 ಅಲ್ಟ್ರಾಟೆಕ್, 49 ಎಬಿ ಕ್ಯಾಪಿಟಲ್ ಕೂತಿದ್ದವು.

ಒಂದೇ ಹೊಳೆ, ಎರಡು ದಡ. ಎರಡೂ ದಡದ ಷೇರನ್ನು ಒಂದೇ ಶ್ರದ್ಧೆಯಿಂದ ಪೆಟ್ಟಿಗೆಯಲ್ಲಿಟ್ಟವನಿಗೆ ಒಂದು ಸೊನ್ನೆ, ಒಂದು ಸಂಪತ್ತು. ಆದ್ದರಿಂದ ಕೊಂಡು ಮರೆತುಬಿಡಿ ಎಂಬ ಬುದ್ಧಿವಾದವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಕೊಳ್ಳಿ, ಮರೆಯಬೇಡಿ. ಊರ ಪಕ್ಕದ ಕಾರ್ಖಾನೆ ಎಂಬ ಮಮತೆ ಷೇರು ಕೊಳ್ಳಲು ಕಾರಣವಾಗಬಾರದು, ಆದರೆ ಆ ಕಾರ್ಖಾನೆಯ ಗೇಟಿನಲ್ಲಿ ಎಷ್ಟು ಲಾರಿ ನಿಂತಿವೆ, ಓವರ್‌ಟೈಮ್ ಸಿಗುತ್ತಿದೆಯೇ, ಸಂಬಳ ತಿಂಗಳ ಯಾವ ತಾರೀಖಿಗೆ ಆಗುತ್ತಿದೆ ಎಂಬುದು ಮುಂಬೈಯ ವಿಶ್ಲೇಷಕನಿಗಿಂತ ಮೊದಲು ನಮಗೆ ಗೊತ್ತಾಗುತ್ತದೆ. ಕಿರ್ಲೋಸ್ಕರಿನ ಸಂಕಟ ಹರಿಹರದ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ವಾರ್ಷಿಕ ವರದಿಗಿಂತ ಮುಂಚೆಯೇ ಬರೆದಿರಬೇಕು. ಅದನ್ನು ಓದುವ ಅಭ್ಯಾಸ ನಮ್ಮ ಹೂಡಿಕೆಯಲ್ಲಿ ಬೆಳೆಯಲಿಲ್ಲ.

ಚಿತ್ರದುರ್ಗದ ಕಬ್ಬಿಣದ ಅದಿರೂ ಷೇರುಪೇಟೆಯಲ್ಲಿದೆ, ಬೇರೆ ಹೆಸರಿನಲ್ಲಿ. ಇಲ್ಲಿ ಗಣಿ ನಡೆಸುತ್ತಿದ್ದ ಸೆಸಾ ಗೋವಾ 2013ರಲ್ಲಿ ಸ್ಟರ್ಲೈಟ್ ಜೊತೆ ಸೇರಿ ಸೆಸಾ ಸ್ಟರ್ಲೈಟ್ ಆಯಿತು, 2015ರಲ್ಲಿ ವೇದಾಂತ ಆಯಿತು, 2023ರಲ್ಲಿ ಮತ್ತೆ ಹೋಳಾಗುವ ಯೋಜನೆ ಹೊರಡಿಸಿತು. ಕೂಡುವುದೂ ಷೇರುದಾರರ ಹಿತಕ್ಕೆ, ಒಡೆಯುವುದೂ ಷೇರುದಾರರ ಹಿತಕ್ಕೆ ಎಂದು ಎರಡೂ ಸಲ ಪ್ರಕಟಣೆ ಹೇಳಿತು. ಇದಕ್ಕೆಲ್ಲ ಮೊದಲು, 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿದ್ದನ್ನು, ಅದರ ಧೂಳು ತಿಂದ ನಾವು ಮರೆತಿಲ್ಲ.

ಹಾಗೆಂದು ಈ ಸೀಮೆಯಲ್ಲಿ ಷೇರು ಕಾಣದವರೇ ಇಲ್ಲ. ಕೃಷಿ ಸಹಕಾರ ಸಂಘದ ಷೇರು, ಎಣ್ಣೆಬೀಜ ಬೆಳೆಗಾರರ ಸಂಘದ ಷೇರು, ನೇಕಾರರ ಸಹಕಾರ ಸಂಘದ ಷೇರು, ಪಟ್ಟಣ ಸಹಕಾರ ಬ್ಯಾಂಕಿನ ಷೇರು ಮನೆಮನೆಯಲ್ಲಿವೆ. ಬಹುಪಾಲು ಸಾಲ ತೆಗೆಯುವಾಗ ಹಿಡಿದುಕೊಂಡದ್ದು. ಸಂಘ ಎಷ್ಟೇ ಬೆಳೆಯಲಿ, ಅದರ ನಿವೇಶನದ ಬೆಲೆ ಎಷ್ಟೇ ಏರಲಿ, ಸದಸ್ಯ ಹೊರಬಂದಾಗ ಸಿಗುವುದು ಮುಖಬೆಲೆಯೇ. ಒಬ್ಬನಿಗೆ ಒಂದೇ ಮತ ಎಂಬುದು ಸಹಕಾರದ ಸೊಗಸು. ಬೆಳವಣಿಗೆಯಲ್ಲಿ ಪಾಲಿಲ್ಲ ಎಂಬುದು ಅದರ ಬೆಲೆ. ನಲವತ್ತು ವರ್ಷ ಷೇರುದಾರನಾಗಿದ್ದೂ ಬಂಡವಾಳ ಬೆಳೆಯುವುದನ್ನು ಒಮ್ಮೆಯೂ ಕಾಣದವನಿಗೆ ಷೇರು ಎಂದರೆ ಸಾಲದ ಅರ್ಜಿಗೆ ಲಗತ್ತಿಸುವ ಒಂದು ಖರ್ಚು ಎನ್ನಿಸಿದರೆ ಅದು ಅವನ ಅಜ್ಞಾನವಲ್ಲ, ಅನುಭವ.

ಗ್ರಾಮೀಣ ಬ್ಯಾಂಕಿನ ಕತೆ ಇನ್ನೂ ವಿಚಿತ್ರ. ನಮ್ಮ ಹಳ್ಳಿಗಳ ಶಾಖೆಗೆ ಮೊದಲು ಚಿತ್ರದುರ್ಗ ಗ್ರಾಮೀಣ ಬ್ಯಾಂಕ್ ಎಂಬ ಬೋರ್ಡಿತ್ತು. 2005ರಲ್ಲಿ ತುಂಗಭದ್ರಾ, ಕೋಲಾರ, ಸಹ್ಯಾದ್ರಿ ಗ್ರಾಮೀಣ ಬ್ಯಾಂಕುಗಳ ಜೊತೆ ಸೇರಿ ಪ್ರಗತಿ ಗ್ರಾಮೀಣ ಬ್ಯಾಂಕ್ ಆಯಿತು. 2013ರಲ್ಲಿ ಕಲಬುರಗಿಯ ಕೃಷ್ಣಾ ಸೇರಿ ಪ್ರಗತಿ ಕೃಷ್ಣ. 2019ರಲ್ಲಿ ಮೈಸೂರಿನ ಕಾವೇರಿ ಸೇರಿ ಕರ್ನಾಟಕ ಗ್ರಾಮೀಣ. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸವೂ ಸೇರಿ ಒಂದು ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್. ಇಪ್ಪತ್ತು ವರ್ಷದಲ್ಲಿ ನಾಲ್ಕು ಪುನರ್ರಚನೆ. ಕಾರ್ಪೊರೇಟ್ ಪುನರ್ರಚನೆ ಎಂಬ ಪದ ಕೇಳಿ ಬೆದರುವ ನಮ್ಮ ರೈತ ಅದನ್ನು ಪಾಸ್‌ಬುಕ್ಕಿನಲ್ಲಿ ನಾಲ್ಕು ಸಲ ಕಂಡಿದ್ದಾನೆ. ಠೇವಣಿಯ ಒಂದು ಪೈಸೆಯೂ ಹೋಗಲಿಲ್ಲ. ಒಂದು ಪೈಸೆ ಹೆಚ್ಚೂ ಬರಲಿಲ್ಲ. ಏಕೆಂದರೆ ಈ ಬ್ಯಾಂಕಿನ ಬಂಡವಾಳದಲ್ಲಿ ಕೇಂದ್ರಕ್ಕೆ ಶೇ 50, ಪ್ರಾಯೋಜಕ ಕೆನರಾ ಬ್ಯಾಂಕಿಗೆ ಶೇ 35, ರಾಜ್ಯಕ್ಕೆ ಶೇ 15. ಗ್ರಾಮದ ಹೆಸರಿನ ಬ್ಯಾಂಕಿನಲ್ಲಿ ಗ್ರಾಮದವನ ಪಾಲು ಸೊನ್ನೆ. ಹೊರಗಿನ ಬಂಡವಾಳ ಪಡೆಯಲು 2015ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಎಂದಾದರೂ ಷೇರು ಮಾರುವ ದಿನ ಬಂದರೆ ಆಯಾ ಶಾಖೆಯ ಠೇವಣಿದಾರರಿಗೆ ಮೊದಲ ಹಕ್ಕು ಇರಲಿ ಎಂದು ಈಗಲೇ ಕೇಳಿಟ್ಟಿರಬೇಕು.

ಪಾಲಿದ್ದ ಬ್ಯಾಂಕುಗಳ ಲೆಕ್ಕಕ್ಕೆ ಬರುತ್ತೇನೆ. 2000ದ ಆಸುಪಾಸಿನಲ್ಲಿ ಸರ್ಕಾರಿ ಬ್ಯಾಂಕುಗಳು ಸಾರ್ವಜನಿಕರಿಗೆ ಷೇರು ಮಾರಿದಾಗ, ನಮ್ಮ ಬ್ಯಾಂಕೇ ತಾನೆ ಎಂದು ಅರ್ಜಿ ತುಂಬಿದ ಮೇಷ್ಟ್ರು, ಗುಮಾಸ್ತ, ಅಂಗಡಿಕಾರರು ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕಿನಲ್ಲಿ ಇದ್ದರು. ಷೇರುಪೇಟೆಗೆ ಇಲ್ಲಿನವರ ಮೊದಲ ಪ್ರವೇಶ ಬಹುಮಟ್ಟಿಗೆ ಅದೇ. ಆಮೇಲೆ ವಿಲೀನಗಳ ಕಾಲ ಬಂತು. 1913ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಹುಟ್ಟಿದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಕರಗಿತು: 10 ಷೇರಿಗೆ 22. ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಕ್ಕೆ: 1,000ಕ್ಕೆ 402. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಕ್ಕೆ: 1,000ಕ್ಕೆ 158. ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ: 1,000ಕ್ಕೆ 330.

ಆಗ ಎದ್ದ ಆಕ್ರೋಶ ಮುಖ್ಯವಾಗಿ ನಾಡಿನ ಅಭಿಮಾನದ್ದು. ಅದರಲ್ಲಿ ನ್ಯಾಯವಿತ್ತು. ಲಾಭದಲ್ಲಿದ್ದ ವಿಜಯ ಬ್ಯಾಂಕನ್ನು, ರಿಸರ್ವ್ ಬ್ಯಾಂಕಿನ ನಿರ್ಬಂಧದಲ್ಲಿದ್ದ ದೇನಾ ಬ್ಯಾಂಕಿನ ಜೊತೆ ಒಂದೇ ಗಂಟಿನಲ್ಲಿ ಕಟ್ಟಿ ಕಳಿಸಿದ್ದು ಇವತ್ತಿಗೂ ನನಗೆ ಸರಿ ಕಾಣುವುದಿಲ್ಲ. ಆದರೆ ಭಾವನೆಯ ಖಾತೆ ಬೇರೆ, ಷೇರಿನ ಖಾತೆ ಬೇರೆ. ಸಾವಿರ ಕೊಟ್ಟು ನೂರೈವತ್ತೆಂಟು ಪಡೆದೆವು ಎಂದು ಬೈದವರು ಸಂಖ್ಯೆಯನ್ನು ನೋಡಿದರು, ಸಂಖ್ಯೆಯ ಹಿಂದಿನ ಬೆಲೆಯನ್ನು ನೋಡಲಿಲ್ಲ. 2024ರ ಮೇ ತಿಂಗಳಲ್ಲಿ ಕೆನರಾದ 10 ರೂಪಾಯಿ ಷೇರು 2 ರೂಪಾಯಿಯ ಐದಾಯಿತು. ಹಳೆಯ 1,000 ಸಿಂಡಿಕೇಟ್ ಹೀಗೆ 790 ಕೆನರಾ ಆಯಿತು. 2024–25ಕ್ಕೆ ಷೇರಿಗೆ 4 ರೂಪಾಯಿಯಂತೆ ಅದರ ಲಾಭಾಂಶ 3,160 ರೂಪಾಯಿ. 10 ಮೈಸೂರು ಬ್ಯಾಂಕ್ ಷೇರಿನ ಬದಲು ಬಂದ 22 ಸ್ಟೇಟ್ ಬ್ಯಾಂಕ್ ಷೇರಿಗೆ ಅದೇ ವರ್ಷ 15.90ರಂತೆ 349.80. 1,000 ವಿಜಯದ 402 ಬರೋಡಕ್ಕೆ 8.35ರಂತೆ 3,356.70. ಕೆನರಾ ಬ್ಯಾಂಕಿನದೇ ಷೇರನ್ನು 2002ರಲ್ಲಿ 35 ರೂಪಾಯಿಗೆ ಪಡೆದು ಇಟ್ಟುಕೊಂಡವರ ಲೆಕ್ಕ ಕೇಳಿದರೆ ಬೆರಗು: ಒಂದು ಐದಾದ ಮೇಲೆ ಷೇರೊಂದಕ್ಕೆ ಬಿದ್ದ ಅಸಲು 7 ರೂಪಾಯಿ, 2024–25ರ ಲಾಭಾಂಶ 4 ರೂಪಾಯಿ. ನಡುವಿನ ಹತ್ತು ಹನ್ನೆರಡು ವರ್ಷ ಕೆಟ್ಟ ಸಾಲಗಳ ಭಾರದಲ್ಲಿ ಸರ್ಕಾರಿ ಬ್ಯಾಂಕುಗಳ ಷೇರು ನೆಲಕಚ್ಚಿದ್ದನ್ನೂ ಇದರ ಜೊತೆಗೇ ಹೇಳದಿದ್ದರೆ ಮೋಸವಾಗುತ್ತದೆ. 2019–20ಕ್ಕೆ ಲಾಭಾಂಶ ಕೊಡಬೇಡಿ ಎಂದು ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಹೇಳಿತ್ತು. ಆ ವರ್ಷ ನಿವೃತ್ತನಾದವನು ಇದನ್ನೇ ನಂಬಿ ಕೂತಿದ್ದರೆ ಹಾಲಿನವನಿಗೆ ಏನು ಹೇಳಬೇಕಿತ್ತು?

ಸಣ್ಣ ಷೇರುದಾರನ ನಷ್ಟ ಈ ಅನುಪಾತಗಳಲ್ಲಿ ಆದದ್ದು ಕಡಿಮೆ, ಅಸಡ್ಡೆಯಲ್ಲಿ ಆದದ್ದು ಹೆಚ್ಚು ಎಂಬುದು ನನ್ನ ತೀರ್ಮಾನ. ಅದು ಆಗುವ ಬಗೆ ಹೀಗೆ. ಬ್ಯಾಂಕ್ ವಿಲೀನವಾದಾಗ ಶಾಖೆಯ ಐಎಫ್‌ಎಸ್‌ಸಿ ಬದಲಾಗುತ್ತದೆ. ಹೂಡಿಕೆದಾರ ತನ್ನ ಬೇರೆ ಕಂಪನಿಗಳಿಗೆ ಹೊಸ ಸಂಖ್ಯೆ ತಿಳಿಸುವುದಿಲ್ಲ. ಅವುಗಳ ಲಾಭಾಂಶ ಖಾತೆಗೆ ಬೀಳದೆ ಹಿಂದೆ ಹೋಗುತ್ತದೆ. ವಾರಂಟ್ ಅಂಚೆಯಲ್ಲಿ ಹಳೆಯ ವಿಳಾಸಕ್ಕೆ ಹೊರಡುತ್ತದೆ, ಮನೆ ಬದಲಾಗಿರುತ್ತದೆ. ಸತತ 7 ವರ್ಷ ಹೀಗಾದರೆ, ಕಂಪನಿ ಕಾಯ್ದೆಯ ಪ್ರಕಾರ, ಷೇರೇ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ (ಐಇಪಿಎಫ್) ಹೋಗುತ್ತದೆ. ಕಾಗದದ ಷೇರುಪತ್ರಗಳ ಪಾಡು ಇನ್ನೂ ಕಷ್ಟ: 2019ರ ಏಪ್ರಿಲ್ 1ರಿಂದ ಅವನ್ನು ಡಿಮ್ಯಾಟ್ ಮಾಡದೆ ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಜಮೀನಿನ ಪಹಣಿಯನ್ನು ವರ್ಷಕ್ಕೊಮ್ಮೆ ತೆಗೆಸಿ ನೋಡುವ ನಮ್ಮವರು ಷೇರಿನ ಪಹಣಿಯನ್ನು ನೋಡುವುದೇ ಇಲ್ಲ.

ಇನ್ನು ಮುಪ್ಪಿನ ದುಡ್ಡು. ಎಣ್ಣೆ ಮಿಲ್ಲಿನಲ್ಲಿ ಇಪ್ಪತ್ತಕ್ಕಿಂತ ಕಡಿಮೆ ಆಳಿದ್ದರೆ ಇಪಿಎಫ್ ಕಡ್ಡಾಯವಲ್ಲ, ಹಾಗಾಗಿ ಮಿಲ್ಲಿನ ಹಮಾಲಿಗಳಲ್ಲಿ ಎಷ್ಟೋ ಜನರಿಗೆ ಭವಿಷ್ಯನಿಧಿ ಎಂಬುದು ಹೆಸರಿನಲ್ಲಿ ಮಾತ್ರ ಗೊತ್ತು. ಇದ್ದವರ ಪಾಡೂ ನೋಡಿ. 15,000 ರೂಪಾಯಿಯ ವೇತನ ಮಿತಿಯಲ್ಲಿ 20 ವರ್ಷ ದುಡಿದ ಗುಮಾಸ್ತನಿಗೆ, 2 ವರ್ಷದ ಹೆಚ್ಚುವರಿ ಸೇರಿಸಿ 70ರಿಂದ ಭಾಗಿಸಿದರೆ, ಇಪಿಎಸ್ ಪಿಂಚಣಿ ತಿಂಗಳಿಗೆ 4,714 ರೂಪಾಯಿ. ಕನಿಷ್ಠ ಪಿಂಚಣಿ 2014ರಿಂದ 1,000 ರೂಪಾಯಿಯಲ್ಲೇ ನಿಂತಿದೆ.

ಮೊಳಕಾಲ್ಮುರಿನ ನೇಕಾರನಿಗೆ ಅಷ್ಟೂ ಇಲ್ಲ. ಅವನ ರೇಷ್ಮೆ ಸೀರೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಅವನ ದುಡಿಮೆಗೆ ಉದ್ಯೋಗದಾತ ಎಂಬ ಗುರುತು ಸಿಕ್ಕಿಲ್ಲ. ಕೂಲಿ ನೇಯ್ಗೆಯಲ್ಲಿ ನೂಲು ಒಬ್ಬರದು, ಮಗ್ಗ ಇನ್ನೊಬ್ಬರದು, ಬೆನ್ನುನೋವು ಮಾತ್ರ ಅವನದು. ಕಣ್ಣು ಮಂಜಾದ ದಿನ ಆದಾಯ ನಿಲ್ಲುತ್ತದೆ. ಅಂಥವನಿಗೆ ಸರ್ಕಾರ ತೋರಿಸುವ ದಾರಿ 2015ರ ಅಟಲ್ ಪಿಂಚಣಿ ಯೋಜನೆ. 18ನೇ ವಯಸ್ಸಿನಲ್ಲಿ ಸೇರಿದರೆ ತಿಂಗಳಿಗೆ 210 ರೂಪಾಯಿ, 40ರಲ್ಲಿ ಸೇರಿದರೆ 1,454 ರೂಪಾಯಿ. 60 ತುಂಬಿದ ಮೇಲೆ ತಿಂಗಳಿಗೆ 5,000 ಖಾತರಿ. ಅವನ ಬಳಿಕ ಹೆಂಡತಿಗೂ ಅಷ್ಟೇ, ಇಬ್ಬರ ಬಳಿಕ ನಾಮಿನಿಗೆ ಎಂಟೂವರೆ ಲಕ್ಷ. ನಾನು ಲೆಕ್ಕ ಹಾಕಿ ನೋಡಿದೆ: ಹುಡುಗನಿಗೆ ಇದು ಹೆಚ್ಚುಕಡಿಮೆ ಶೇ 8ರ ಚಕ್ರಬಡ್ಡಿಗೆ ಸಮ. ಕೆಟ್ಟದ್ದೇನಲ್ಲ. ಕೊರತೆ ಇರುವುದು ಬೇರೆ ಕಡೆ. ಆ 5,000 ಇವತ್ತಿಗೂ 5,000, ನಲವತ್ತೆರಡು ವರ್ಷದ ಮೇಲೂ 5,000. ಬೆಲೆಯೇರಿಕೆ ವರ್ಷಕ್ಕೆ ಶೇ 5 ಎಂದು ಹಿಡಿದರೂ ಆಗ ಅದರ ಇಂದಿನ ಬೆಲೆ ಸುಮಾರು 645 ರೂಪಾಯಿ. ಖಾತರಿ ಇರುವುದು ನೋಟಿಗೆ, ಅಕ್ಕಿಗಲ್ಲ. ಆದ್ದರಿಂದ ಯೋಜನೆಗೆ ಸೇರಬೇಡಿ ಎನ್ನುವುದು ತಪ್ಪು, ಸೇರಿದೆ ಇನ್ನು ಸಾಕು ಎನ್ನುವುದು ಅದಕ್ಕಿಂತ ದೊಡ್ಡ ತಪ್ಪು. ಅದರ ಪಕ್ಕದಲ್ಲಿ ಬೆಳೆಯುವ ಏನಾದರೂ ಒಂದು ಇರಬೇಕು. ತಿಂಗಳಿಗೆ 200 ರೂಪಾಯಿಯ ಸೂಚ್ಯಂಕ ನಿಧಿಯಾದರೂ ಸರಿ.

ಸರ್ಕಾರಿ ನೌಕರರ ಪ್ರಸಂಗದಲ್ಲಿ ಒಂದು ವಿನೋದವಿದೆ. 2006ರ ಏಪ್ರಿಲ್ 1ರ ನಂತರ ಸೇರಿದ ರಾಜ್ಯ ನೌಕರರು ಎನ್‌ಪಿಎಸ್ ಎಂಬ ಹೊಸ ಪಿಂಚಣಿ ವ್ಯವಸ್ಥೆಯಲ್ಲಿದ್ದಾರೆ. ಹಳೆಯ ಪಿಂಚಣಿ ಮರಳಿ ಕೊಡಿ ಎಂದು 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ದೊಡ್ಡ ಹೋರಾಟವೇ ನಡೆಯಿತು. ಬೇಡಿಕೆಯ ಹಿಂದಿನ ಭಯ ನನಗೆ ಅರ್ಥವಾಗುತ್ತದೆ. ಕೊನೆಯ ಸಂಬಳದ ಅರ್ಧ ಎಂಬ ಮಾತಿಗೆ ಇರುವ ನೆಮ್ಮದಿ ನಿತ್ಯ ಬದಲಾಗುವ ಯೂನಿಟ್ ಬೆಲೆಗೆ ಇಲ್ಲ. ಕೇಂದ್ರವೇ 2025ರ ಏಪ್ರಿಲ್‌ನಿಂದ ತನ್ನ ನೌಕರರಿಗೆ ಏಕೀಕೃತ ಪಿಂಚಣಿ ಎಂದು ಅರ್ಧ ಹಿಂದೆ ಬಂದಿದೆ, ಕುದಾಪುರದ ಬಳಿಯ ಡಿಆರ್‌ಡಿಒ ನೌಕರರಿಗೆ ಆ ಆಯ್ಕೆ ಸಿಕ್ಕಿತು, ಪಕ್ಕದ ಸರ್ಕಾರಿ ಶಾಲೆಯ ಮೇಷ್ಟ್ರಿಗೆ ಸಿಗಲಿಲ್ಲ. ವಿನೋದ ಇರುವುದು ಇಲ್ಲಿ: ಷೇರುಪೇಟೆ ಎಂದರೆ ಜೂಜು, ನಾನು ಆ ಕಡೆ ತಲೆ ಹಾಕಿ ಮಲಗುವುದಿಲ್ಲ ಎನ್ನುವ ಮೇಷ್ಟ್ರ ಎನ್‌ಪಿಎಸ್ ಹಣದಲ್ಲಿ, ಸರ್ಕಾರಿ ನೌಕರರ ಸಿದ್ಧ ಯೋಜನೆಯ ಪ್ರಕಾರ, ಒಂದು ಪಾಲು ಷೇರಿನಲ್ಲೇ ಇರುತ್ತದೆ. ಅವರು ಷೇರುದಾರರೇ, ಅವರಿಗೆ ಗೊತ್ತಿಲ್ಲ ಅಷ್ಟೆ. ಗೊತ್ತಿಲ್ಲದ್ದರಿಂದ ವರ್ಷಕ್ಕೊಮ್ಮೆ ಬರುವ ಲೆಕ್ಕಪತ್ರವನ್ನೂ ತೆರೆಯುವುದಿಲ್ಲ. ವಂತಿಗೆ ತಿಂಗಳಿಗೆ ಸರಿಯಾಗಿ ಜಮೆಯಾಗಿದೆಯೇ, ನಾಮಿನಿ ಯಾರು, ಇವು ಹೋರಾಟದ ವೇದಿಕೆಯಲ್ಲಿ ಬರದ ಪ್ರಶ್ನೆಗಳು.

ಹೊಸ ತಲೆಮಾರಿನ ಮೊಬೈಲಿನಲ್ಲಿ ನಡೆಯುವ ಆಪ್ಷನ್ ಆಟದ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ, ಸೆಬಿ ಬರೆದಿದೆ. 2021–22ರಿಂದ 2023–24ರ ಮೂರು ವರ್ಷದಲ್ಲಿ ವಾಯಿದೆ ಮತ್ತು ಆಪ್ಷನ್‌ಗೆ ಕೈಹಾಕಿದ ವ್ಯಕ್ತಿಗಳಲ್ಲಿ ಶೇ 93 ಮಂದಿಗೆ ನಷ್ಟ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಮರುವರ್ಷ ಶೇ 91. ಅಜ್ಜ ಮಂಡಿಯಲ್ಲಿ ಶೇಂಗಾ ಧಾರಣೆಯ ಮೇಲೆ ಸಟ್ಟಾ ಆಡಿದ್ದರೆ ಕೊನೆಗೆ ಗೋದಾಮಿನಲ್ಲಿ ಮೂಟೆಯಾದರೂ ಇರುತ್ತಿತ್ತು. ಮೊಮ್ಮಗ ಗುರುವಾರ ಮುಗಿಯುವ ಒಪ್ಪಂದ ಕೊಂಡು ಶುಕ್ರವಾರ ಬರಿಗೈ. ಇದನ್ನು ಹೂಡಿಕೆ ಎಂದು ಕರೆದು ಎಫ್‌ಡಿ ಇಡುವ ಅಪ್ಪನನ್ನು ಹಳಬ ಎಂದು ಹಂಗಿಸುವುದು ನನಗೆ ಒಪ್ಪಿಗೆಯಿಲ್ಲ. ಜಮೀನಿನ ಹೆಸರಿನಲ್ಲಿ ಹಣ ಕಟ್ಟಿಸಿಕೊಂಡ ಪಿಎಸಿಎಲ್, ಆಗ್ರಿ ಗೋಲ್ಡ್ ಕಂಪನಿಗಳನ್ನು ನಂಬಿ ಕೈ ಸುಟ್ಟುಕೊಂಡ ಮನೆಗಳಿಗೆ ಎಫ್‌ಡಿಯ ಬೆಲೆ ಗೊತ್ತು.

ಹಾಗಾದರೆ ಈ ಸೀಮೆಯ ಪದ್ಧತಿಗೆ ಎಷ್ಟು ಅಂಕ? ಠೇವಣಿ, ಚಿನ್ನ, ಜಮೀನು ಇಟ್ಟುಕೊಂಡು ಅದು ಅಸಲನ್ನು ಕಾಪಾಡಿಕೊಂಡಿತು, ಬರಗಾಲದ ಸೀಮೆಗೆ ಅದು ಸಣ್ಣ ಸಾಧನೆಯಲ್ಲ. ಬೆಳೆಯುವ ಒಡೆತನವನ್ನು ಅದು ಎಂದೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಎಣ್ಣೆ ಇದ್ದಾಗ ಅದಕ್ಕೆ ಕಾರಣ ಸಂಸ್ಥೆಗಳ ಸ್ವರೂಪ. ಈಗ ಡಿಮ್ಯಾಟ್ ಖಾತೆ ಚಳ್ಳಕೆರೆಯ ಬಸ್ ನಿಲ್ದಾಣದಲ್ಲಿ ಕೂತು ತೆರೆಯಬಹುದಾದ ಕಾಲದಲ್ಲಿ ಆ ನೆಪ ಉಳಿದಿಲ್ಲ. ಹತ್ತು ರೂಪಾಯಿಯಲ್ಲಿ ಆರೇಳು ಖಾತರಿಯ ಕಡೆ ಇರಲಿ, ಪಿಎಫ್, ಪಿಪಿಎಫ್, ಅಂಚೆ ಕಚೇರಿ ಏನಾದರೂ. ಉಳಿದದ್ದು ಒಡೆತನದ ಕಡೆ ಹೋಗಲಿ, ವರ್ಷಕ್ಕೆರಡು ಸಲ ಅದರ ಯೋಗಕ್ಷೇಮ ವಿಚಾರಿಸುವ ವ್ಯವಧಾನ ಇದ್ದರೆ ಮಾತ್ರ.

ಸದ್ಯಕ್ಕೆ ಒಂದು ತುರ್ತಿನ ಕೆಲಸವಿದೆ. ಕಂಪನಿಗಳಿಗೆ ಮಾತ್ರ ಇದ್ದ ವ್ಯವಸ್ಥೆ 2025ರ ಆಗಸ್ಟ್ 1ರಿಂದ ಸರ್ಕಾರಿ ಬ್ಯಾಂಕುಗಳಿಗೂ ಬಂದಿದೆ, ಯಾರೂ ಕೇಳದ ಷೇರು, ಬಾಂಡ್ ಹಣವನ್ನು ಅವೂ ಹೂಡಿಕೆದಾರರ ರಕ್ಷಣಾ ನಿಧಿಗೆ ವರ್ಗಾಯಿಸಬಹುದು. ಮನೆಯ ಅಟ್ಟದಲ್ಲಿ, ತೀರಿಕೊಂಡ ಹಿರಿಯರ ಟ್ರಂಕಿನಲ್ಲಿ ಮೈಸೂರು ಬ್ಯಾಂಕ್, ವಿಜಯ, ಸಿಂಡಿಕೇಟ್, ಕಾರ್ಪೊರೇಷನ್ ಹೆಸರಿನ ಕಾಗದವಿದ್ದರೆ ಬ್ಯಾಂಕ್ ಮುಚ್ಚಿಹೋಯಿತಲ್ಲ ಎಂದು ರದ್ದಿಗೆ ಹಾಕಬೇಡಿ. ಫೋಲಿಯೊ ಸಂಖ್ಯೆ ಬರೆದುಕೊಂಡು ಈಗಿನ ಬ್ಯಾಂಕಿನ ಷೇರು ರಿಜಿಸ್ಟ್ರಾರ್‌ಗೆ ಪತ್ರ ಹಾಕಿ. ಷೇರು ನಿಧಿಗೆ ಹೋಗಿದ್ದರೂ ವಾಪಸ್ ಪಡೆಯಬಹುದು, ಐಇಪಿಎಫ್–5 ಅರ್ಜಿಗೆ ಸರ್ಕಾರಿ ಶುಲ್ಕವಿಲ್ಲ. ಮರೆತ ಠೇವಣಿಗಳಿಗೆ ರಿಸರ್ವ್ ಬ್ಯಾಂಕಿನ ಉದ್ಗಮ್ ಜಾಲತಾಣವಿದೆ. ಶೇಕಡಾ ಇಷ್ಟು ಕೊಡಿ, ತಂದುಕೊಡುತ್ತೇನೆ ಎಂದು ಬರುವ ದಲ್ಲಾಳಿಗೆ ಮೂಲ ಷೇರುಪತ್ರ ಮಾತ್ರ ಕೊಡಬೇಡಿ.